ಹಲ್ಲಿಲ್ಲದವಳು ಆರಿಸಿದ ಸ್ನಾರ್ಕೆಲ್

ನನ್ನ ಬಾಯಲ್ಲಿರುವ ಹಲ್ಲು ನನ್ನವಲ್ಲ. ಸೆಟ್ಟು. ಮೇಲಿನದೂ, ಕೆಳಗಿನದೂ. ಹೋದ ತಿಂಗಳ ಒಂದು ಮಂಗಳವಾರದ ತನಕ ಈ ಮಾತನ್ನು ಮನೆಯವರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಗೆಳತಿ ಗೌರವ್ವ ಈಜುಕೊಳದ ದಂಡೆಯ ಮೇಲೆ ಖಬರಿಲ್ಲದೆ ಬೀಳುತ್ತಿರಲಿಲ್ಲ.

ಹಲ್ಲಿಗೂ ಈಜಿಗೂ ಏನು ಸಂಬಂಧ ಅಂತೀರಾ? ಕೇಳಿರಿ.

ಗೌರವ್ವ ಬನಹಟ್ಟಿಯ ನೇಕಾರರ ಮನೆಯವಳು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಸುತ್ತಿ ಅವಳ ಕುತ್ತಿಗೆ ಕೆಟ್ಟಿತು. ನಾನು ಚಿಕ್ಕಪಡಸಲಗಿಯವಳು, ಮೇವಿನ ಹೊರೆ ಹೊತ್ತು ನನ್ನದು ಕೆಟ್ಟಿತು. ಈಗ ಇಬ್ಬರೂ ಜಮಖಂಡಿಯಲ್ಲಿ ಒಂದೇ ಓಣಿ. ಡಾಕ್ಟರು ಇಬ್ಬರಿಗೂ 'ಈಜ್ರಿ' ಅಂದರು. (ಸೊಸೆ ನಕ್ಕಳು. ನಗಲಿ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಕೃಷ್ಣೆಯಲ್ಲಿ ಈಜು ಕಲಿತವಳು ನಾನು. ಅವಳು ಬಕೀಟಿನ ನೀರಿಗೂ ಅಂಜುವವಳು.)

ಕೈಕಾಲು ಆಡುತ್ತವೆ. ಆದರೆ ಉಸಿರಿಗೆ ಮುಖ ಪಕ್ಕಕ್ಕೆ ಹೊರಳಿಸಬೇಕಲ್ಲ? ಕುತ್ತಿಗೆ ಹೊರಳುವುದಿಲ್ಲ. ಈಜುಕೊಳದಲ್ಲಿ ಹೆಂಗಸರ ಬ್ಯಾಚಿಗೆ ಕಲಿಸುವ ರೇಣುಕಾ ಸ್ನಾರ್ಕೆಲ್ ತರಿಸಿರಿ ಅಂದಳು. ಮುಖ ನೀರಲ್ಲಿಟ್ಟೇ ಉಸಿರಾಡುವ ಕೊಳವೆ. ತನ್ನದನ್ನು ತೋರಿಸಿದಳು. ಹಣೆಯ ನಡುವಿನಿಂದ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಬಾಯಿಯ ಹತ್ತಿರ ಮೆತ್ತನೆಯ ರಬ್ಬರು. ಅದನ್ನು ಹಲ್ಲಿನಿಂದ ಕಚ್ಚಿ ಹಿಡಿಯಬೇಕು.

ಕಚ್ಚಿ ಹಿಡಿಯಬೇಕು! ಸೆಟ್ಟು ಕಳಚಿ ಬಿದ್ದರೆ? ಕೊಳದ ತಳದಲ್ಲಿ ನನ್ನ ಹಲ್ಲು ನಗುತ್ತ ಕುಳಿತರೆ? ಇಡೀ ಬ್ಯಾಚು ಮುಳುಗಿ ಹುಡುಕಿದರೆ?

ಮೊಮ್ಮಗಳ ಕೈಯಿಂದ ಫೋನಿನಲ್ಲಿ ಹುಡುಕಿಸಿದೆ. ಇಡೀ ಮುಖ ಮುಚ್ಚುವ ಮಾಸ್ಕ್ ಸಿಕ್ಕಿತು. ನೆತ್ತಿಯ ಮೇಲೆ ಕೊಳವೆ, ಒಳಗೆ ಮೂಗಿನಿಂದಲೇ ಉಸಿರು. ಕಚ್ಚುವುದೇನೂ ಇಲ್ಲ. ತರಿಸಿಬಿಟ್ಟೆ.

ರೇಣುಕಾ ನೋಡಿದವಳೇ, "ಆಯಿ, ಇದು ತೇಲಕೋತ ಮೀನ ನೋಡೋರಿಗೆ ಮಾಡಿದ್ದರಿ. ಜೋರ ಈಜಾಕ ಬ್ಯಾಡ್ರಿ. ದಮ್ಮ ಹತ್ತಿದಾಗ ನೀವ ಬಿಟ್ಟ ಗಾಳಿ ಒಳಗ ಉಳೀತೈತಿ. ಅದನ್ನ ತಿರುಗಿ ಎಳಕೋತೀರಿ, ತಲಿ ತಿರಗತೈತಿ" ಅಂದಳು.

"ಯವ್ವಾ, ನಾ ಹುಟ್ಟಿದ್ದ ಹೊಳಿ ದಂಡಿಗೆ. ನನಗ ಉಸರಾಡೂದ ಕಲಸಾಕ ಬರಬ್ಯಾಡ" ಅಂದೆ.

ನಾನು ಎಮ್ಮೆಯ ಹಾಗೆ ನಿಧಾನ ತೇಲುವವಳು. ಏನೂ ಆಗಲಿಲ್ಲ. ಸೊಕ್ಕು ಹೆಚ್ಚಾಯಿತು.

ಆಗ ಗೌರವ್ವ ಕೇಳಿದಳು: "ಪಾರವ್ವ, ನಾ ಯಾವುದ ತರಸಲಿ ಬೇ?"

ಖರೆ ಹೇಳಬೇಕಿತ್ತು. ಹೇಳಿದ್ದೇನು? "ಆ ಸಣ್ಣ ಕೊಳವ್ಯಾಗ ಏನ ಗಾಳಿ ಬರತೈತಿ? ಇದನ್ನ ತರಸು. ಮಾರಿ ತುಂಬ ಗಾಳಿ!" ಗೌರವ್ವನ ಬಾಯಲ್ಲಿ ಇನ್ನೂ ಕಬ್ಬು ಸಿಗಿಯುವ ಹಲ್ಲಿವೆ. ಅವಳಿಗೆ ಈ ಮಾಸ್ಕ್ ಯಾಕೆ ಬೇಕಿತ್ತು?

ನಾವು ಹೀಗೇ ಅಲ್ಲವೇನ್ರಿ? ಮಿಕ್ಸರ್ ಇರಲಿ, ಮಂಡಿನೋವಿನ ಎಣ್ಣೆ ಇರಲಿ, ನಾವು ಕೊಂಡದ್ದನ್ನೇ ಓಣಿಗೆಲ್ಲ ಕೊಳ್ಳಿಸಬೇಕು. ಕೊಂಡ ಕಾರಣ ಒಂದು, ಮಂದಿಗೆ ಹೇಳುವ ಕಾರಣ ಇನ್ನೊಂದು.

ಆ ಮಂಗಳವಾರ ಬಂತು. ಗೌರವ್ವ ನಿಧಾನದವಳಲ್ಲ. ಮಾಸ್ಕ್ ಹಾಕಿಕೊಂಡು ಮಗ್ಗದ ಲಾಳಿಯ ಹಾಗೆ ಆ ತುದಿಗೊಮ್ಮೆ, ಈ ತುದಿಗೊಮ್ಮೆ. ನಾನು ದಂಡೆಯಲ್ಲಿ ಕುಳಿತು "ಹೊಡಿ ಗೌರಿ, ಹೊಡಿ!" ಅಂತ ಚಪ್ಪಾಳೆ ತಟ್ಟಿದೆ.

ನಡುವೆ ಅವಳ ಕೈ ಸೋತವು. ಎದೆಮಟ್ಟದ ನೀರಲ್ಲಿ ಎದ್ದು ನಿಂತು ಎರಡೂ ಕೈಯಿಂದ ಮುಖ ಪರಚಿಕೊಳ್ಳತೊಡಗಿದಳು. ಕೊಳವೆಯಾದರೆ ಬಾಯಿಂದ ಉಗುಳಿದರೆ ಮುಗಿಯಿತು. ಇದರ ಪಟ್ಟಿ ತಲೆಯ ಹಿಂದೆ. ಅವಳಿಗೆ ಸಿಗಲಿಲ್ಲ. ರೇಣುಕಾ ಜಿಗಿದು ಮಾಸ್ಕ್ ಕಿತ್ತೆಸೆದು ದಂಡೆಗೆ ಎಳೆದು ತಂದಳು. ಗೌರವ್ವನ ಮುಖ ಬೂದಿಯ ಬಣ್ಣ. ಕಣ್ಣು ಮೇಲೆ ಹೋಗಿದ್ದವು.

ನಾನು? ಚಪ್ಪಾಳೆ ತಟ್ಟಿದ ಕೈ ಹಾಗೇ ಗಾಳಿಯಲ್ಲಿತ್ತು.

ಖಬರು ಬಂದಮೇಲೆ ಅವಳ ಮೊದಲ ಮಾತು: "ನೀ ಅಂಜಬ್ಯಾಡ ಬೇ. ನಾನ ಜೋರ ಮಾಡಿದೆ. ನಿಂದೇನ ತಪ್ಪಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲು ಆಗಲಿಲ್ಲ. ಎಲ್ಲರೆದುರು ಸೆಟ್ಟು ತೆಗೆದು ಅಂಗೈ ಮೇಲಿಟ್ಟೆ. ಬೊಚ್ಚು ಬಾಯಿಂದಲೇ, "ಇದನ್ನ ಮುಚ್ಚಾಕ ಆ ಮಾಸ್ಕ್ ತಂದೆ. ಛಲೋ ಐತಂತ ತಂದಿಲ್ಲ" ಅಂದೆ.

ಗೌರವ್ವ ಮಲಗಿದಲ್ಲಿಂದಲೇ ನೋಡಿದಳು. "ಇಷ್ಟಕ್ಕನ? ಮಾತಾಡೂಮುಂದ ಟಕ್ ಟಕ್ ಅಂತಾವಲ್ಲ ಬೇ. ಓಣಿಗೆಲ್ಲ ಗೊತ್ತೈತಿ."

ಹೆಂಗಸರು ನಕ್ಕರು. ನಾನು ನೆಲ ನೋಡಿದೆ. ಗೊತ್ತಿದ್ದ ಗುಟ್ಟನ್ನು ಮುಚ್ಚಲು ಗೆಳತಿಯ ಉಸಿರು ಮುಚ್ಚಿಸಿದೆನಲ್ಲ!

ಈಗ ಸೆಟ್ಟು ಡಬ್ಬಿಯಲ್ಲಿ, ಡಬ್ಬಿ ದಂಡೆಯಲ್ಲಿ. ರೇಣುಕಾ ಹೇಳಿದ ಕೊಳವೆಯನ್ನೇ ತರಿಸಿದ್ದೇನೆ. ಮೊದಲ ದಿನ ನೀರಿಗೆ ಇಳಿಸಲಿಲ್ಲ ಅವಳು. ದಂಡೆಯಲ್ಲಿ ಕೂರಿಸಿ ಉಸಿರಾಡಿಸಿದಳು, ಮರುದಿನ ನಡುಮಟ್ಟದ ನೀರಲ್ಲಿ ನಿಲ್ಲಿಸಿ ಉಗುಳುವುದನ್ನು ಕಲಿಸಿದಳು. ವಸಡು, ತುಟಿಯಿಂದಲೇ ಹಿಡಿಯಲು ಬರುತ್ತದೆ. ದಮ್ಮು ಹತ್ತಿದರೆ ತಕ್ಷಣ ಉಗುಳಿ ನಿಲ್ಲುತ್ತೇನೆ. ಮೊದಲೇ ಅವಳನ್ನು ಕೇಳಿದ್ದರೆ ಇಷ್ಟೇ ಇತ್ತು.

ಗೌರವ್ವನಿಗೂ ಅಂಥದ್ದೇ ಒಂದು ಒಯ್ದು ಕೊಟ್ಟೆ. ಚಹಾ ಮಾಡಿದಳು, ಕೊಳವೆಯನ್ನು ಮುಟ್ಟಲಿಲ್ಲ. "ನೀ ಹೋಗ ಬೇ. ನನಗ ನೀರ ಕಂಡ್ರ ಉಸರ ಕಟ್ಟತೈತಿ" ಅಂದಳು.

ಹಲ್ಲು ಕಟ್ಟಿಸಬಹುದು, ಸ್ನಾರ್ಕೆಲ್ ಫೋನಿನಲ್ಲಿ ತರಿಸಬಹುದು. ಗೌರವ್ವನ ಧೈರ್ಯವನ್ನು ಎಲ್ಲಿಂದ ತರಿಸಲಿ?