ಪರಾಸ್ಕಾ ಗೆದ್ದುಕೊಂಡ ಮಂಗಳವಾರ

ಪರಾಸ್ಕಾ ಕುಶ್ನಿರ್ ತನ್ನ ಗಂಡನನ್ನು ಊಟಕ್ಕೆ ಕರೆದರೆ ಪಕ್ಕದ ಜಿಲ್ಲೆಯ ಬ್ರಹ್ಮಚಾರಿಗಳು ಕೈ ತೊಳೆದುಕೊಳ್ಳುತ್ತಿದ್ದರು. ನಾನು ಉತ್ಪ್ರೇಕ್ಷೆ ಮಾಡುವವನಲ್ಲ. ಕೆಲವರು ತೊಳೆಯದೆಯೂ ಕೂತಿರಬಹುದು. ಗೋಧಿ ಕೊಯ್ಲಿನ ಕಾಲದಲ್ಲಿ ಅವಳು ಹಿತ್ತಲ ಬಾಗಿಲಲ್ಲಿ ನಿಂತು ಒಮ್ಮೆ ಕೂಗಿದರೆ ಸಾಕು, ಮೂರು ಹೊಲದ ಆಳುಗಳು ಒಟ್ಟಿಗೆ ಕೆಲಸ ಬಿಡುತ್ತಿದ್ದರು. ಅವಳ ಗಂಡ ಮಿಟ್ರೋ ಮಾತ್ರ ಬಾಯಿ ಬಿಡುತ್ತಲೇ ಇರಲಿಲ್ಲ. ಕೇಳಿದರೆ, "ಒಂದು ಮನೆಗೆ ಎಷ್ಟು ಶಬ್ದ ಬೇಕೋ ಅಷ್ಟು ಇದೆಯಲ್ಲಪ್ಪ" ಅನ್ನುತ್ತಿದ್ದ.

ನಮ್ಮ ಹಾಲ್ವರ್ ಊರು ಹುಟ್ಟಿದ್ದು ರೈಲಿಗೆ ಬಾಯಾರಿಕೆ ಆದದ್ದರಿಂದ. ಎಂಜಿನ್ನು ನೀರು ಕುಡಿಯಲು ನಿಂತ ಕಡೆ ನಾಲ್ಕು ಜನ ಇಳಿದರು. ಸುತ್ತ ನೋಡಿದರೆ ಹುಲ್ಲು ಬಿಟ್ಟರೆ ಆಕಾಶ, ಆಕಾಶ ಬಿಟ್ಟರೆ ಹುಲ್ಲು. ವಾಪಸು ಹತ್ತೋಣ ಎನ್ನುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಅವರ ಮೊಮ್ಮಕ್ಕಳೇ ನಾವು. ಮೊದಲ ಚಳಿಗಾಲದಲ್ಲಿ ಮಾಡಲು ಕೆಲಸವಿಲ್ಲದೆ ಹಣ್ಣಿನ ಜಾಮಿನ ಡಬ್ಬಿಗಳಿಗೆ ನೀರು ತುಂಬಿ ಹೆಪ್ಪುಗಟ್ಟಿಸಿ, ತಂತಿಯ ಹಿಡಿಕೆ ಸಿಕ್ಕಿಸಿ, ಹೆಪ್ಪುಗಟ್ಟಿದ ಹೊಂಡದ ಮೇಲೆ ಗೀಚಿದ ವೃತ್ತದ ಕಡೆ ಜಾರಿಬಿಟ್ಟು ಕರ್ಲಿಂಗ್ ಎಂಬ ಆಟ ಆಡಿದರಂತೆ. ಆಮೇಲೆ ಸ್ಕಾಟ್ಲೆಂಡಿನಿಂದ ನಿಜವಾದ ಕಲ್ಲುಗಳು ಬಂದವು. ಕಲ್ಲು ಬಂದ ಮೇಲೆ ಅದಕ್ಕೊಂದು ಸೂರು ಬೇಕಲ್ಲ? ಗಂಡಸರು ಹಲಗೆ ಹೊಡೆದು ರಿಂಕ್ ಎಂಬ ಆಟದ ಮನೆ ಕಟ್ಟಿದರು. ಛಾವಣಿಯ ಖರ್ಚಿಗೆ ಹೆಂಗಸರು ಪ್ರತಿ ಶರತ್ಕಾಲದಲ್ಲೂ ಕೋಳಿಯೂಟ ನಡೆಸಿ, ಆಲೂಗಡ್ಡೆ ತುಂಬಿದ ಕಡುಬನ್ನು ಬೆಟ್ಟದಷ್ಟು ಬೇಯಿಸಿ ಬಡಿಸಿದರು. ನಮ್ಮ ಬಯಲಿನಲ್ಲಿ ಯಾರಾದರೂ ಬೆಟ್ಟ ಕಂಡಿದ್ದರೆ ಆ ಕಡುಬಿನದೇ.

ರಿಂಕ್ ಆದ ಮೇಲೆ ಸಂಜೆಗಳೆಲ್ಲ ಗಂಡಸರ ಪಾಲಾದವು. ಹೆಂಗಸರಿಗೆ ಬುಧವಾರದ ಮಧ್ಯಾಹ್ನ. ನಮ್ಮದು ಚಳಿಯೇ ಮಾಡಿಕೊಡುವ ಮಂಜುಗಡ್ಡೆ. ಮಧ್ಯಾಹ್ನದ ಬಿಸಿಲು ಛಾವಣಿಗೆ ಬಿದ್ದರೆ ಅದು ಗಂಜಿಯಾಗುತ್ತಿತ್ತು. ಗಂಜಿಯಲ್ಲಿ ಆಡೋಣವೆಂದರೂ ಹೊಲದ ಮನೆಯ ಹೆಂಗಸರು ಜಾರುಬಂಡಿ ಕಟ್ಟಿಕೊಂಡು ಬಂದು ಮುಟ್ಟುವಷ್ಟರಲ್ಲಿ ಹಾಲು ಕರೆಯುವ ಹೊತ್ತು. ಹಾಗೇ ಬಂಡಿ ತಿರುಗಿಸಬೇಕು. ಆಡುತ್ತಿದ್ದವರು ಅಂಗಡಿಯವನ ಹೆಂಡತಿ, ಪಾದ್ರಿಯ ಹೆಂಡತಿ, ಇಬ್ಬರೇ.

ಒಂದು ವರ್ಷ ಕರ್ಲಿಂಗ್ ಕ್ಲಬ್ಬಿನ ಸಭೆಗೆ ಪರಾಸ್ಕಾ ಕರೆಯದೇ ಬಂದಳು. ಅಧ್ಯಕ್ಷ ಹ್ಯೂ ಮಕಾಸ್ಕಿಲ್, ರೈಲಿಗೇರಿಸುವ ಧಾನ್ಯ ಕೂಡಿಡುವ ಗೋಪುರದ ಏಜೆಂಟ್. ಎತ್ತರದಲ್ಲೂ ಗತ್ತಿನಲ್ಲೂ ಗೋಪುರಕ್ಕೆ ಒಂದು ಅಡಿಯಷ್ಟೇ ಕಡಿಮೆ.

"ಹ್ಯೂ, ನಮಗೆ ಒಂದು ಸಂಜೆ ಬೇಕು. ಮಂಗಳವಾರ."

"ಸಂಜೆ ಹಾಲು ಕರೆಯೋರು ಯಾರಮ್ಮ ತಾಯಿ?"

"ಯಾಕೆ, ನಿಮ್ಮ ಕೈ ಕಂಡ್ರೆ ಹಸು ನಾಚ್ಕೊಳುತ್ತಾ?"

ಎಲ್ಲರೂ ನಕ್ಕರು. ಹ್ಯೂ ನಗಲಿಲ್ಲ. "ರಿಂಕ್ ಕಟ್ಟಿದ್ದು ನಾವು ಕಣಮ್ಮ."

"ಗೋಡೆ ನಿಮ್ದು. ಛಾವಣಿ ನಮ್ ಕಡುಬಿಂದು. ನಾಳೆ ಛಾವಣಿ ಬಿಚ್ಕೊಂಡ್ ಹೋಗ್ಲಾ?"

ಹ್ಯೂನ ಮುಖ ಬೀಟ್‌ರೂಟ್ ಸಾರಿನ ಬಣ್ಣಕ್ಕೆ ತಿರುಗಿತು. "ಸರಿ, ಹಂಗಾದ್ರೆ ಕೇಳಿ. ಫೆಬ್ರವರಿ ಪಂದ್ಯದಲ್ಲಿ ನಿಮ್ಮ ನಾಲ್ಕು ಜನ ನನ್ನ ತಂಡನ ಸೋಲಿಸ್ಲಿ. ಮಂಗಳವಾರ ನಿಮ್ದೇ. ಸೋತ್ರೋ, ಬುಧವಾರಾನೂ ಬಿಟ್ಕೊಡ್ಬೇಕು. ಮತ್ತೆ ಈ ಮಾತು ಎತ್ಕೂಡ್ದು."

ಪಣ ಖಾಯಂ ಮಾಡಲು ಪರಾಸ್ಕಾ ಅಂಗೈಗೆ ಉಗುಳಿ ಕೈ ಚಾಚಿದಳು. ಹ್ಯೂ ಆ ಕೈ ಕುಲುಕಬೇಕಾಯಿತು.

ಮನೆಗೆ ಹೋದ ಮೇಲೆ ಮಿಟ್ರೋ ಅಪರೂಪಕ್ಕೆ ಬಾಯಿ ತೆರೆದನಂತೆ. "ಸೋತ್ರೆ?"

"ಸೋತ್ರೆ ಏನು, ನೀನು ಬದುಕಿರೋವರೆಗೂ ಚಳಿಗಾಲದ ಎಲ್ಲಾ ಸಂಜೆ ನಾನು ಮನೇಲೇ, ನಿನ್ನ ಎದುರಿಗೇ ಕೂತಿರ್ತೀನಿ."

ಮರುದಿನ ಬೆಳಗಾಗುವಷ್ಟರಲ್ಲಿ ಮಿಟ್ರೋ ಕೊಟ್ಟಿಗೆಯ ಹಿಂದಿನ ಹೊಂಡದ ಹಿಮ ಗೋರಿ, ಬಕೆಟ್ ಬಕೆಟ್ ನೀರು ಸುರಿದು ಕನ್ನಡಿಯಂಥ ಅಂಗಳ ಮಾಡಿಕೊಟ್ಟಿದ್ದ. ಹಾದುಹೋದ ಕಾಗೆಯೊಂದು ಅದರಲ್ಲಿ ತನ್ನ ಮುಖ ನೋಡಿಕೊಂಡು ಪುಕ್ಕ ಸರಿಪಡಿಸಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಅಲ್ಲಿ ನಾಲ್ವರು ಹೆಂಗಸರು ಅಜ್ಜಂದಿರ ಕಾಲದ ಜಾಮಿನ ಡಬ್ಬಿಗಳನ್ನು ಹಿಡಿದು ಅಭ್ಯಾಸಕ್ಕಿಳಿದರು. ಪರಾಸ್ಕಾ ನಾಯಕಿ. ಇಬ್ಬರು ಅವಳ ನಾದಿನಿಯರು. ನಾಲ್ಕನೆಯವಳು ಸಿಗ್ನೆ ಟ್ವೈಟ್ ಎಂಬ ನಾರ್ವೆ ಮೂಲದ ಹುಡುಗಿ. ಎಂಥ ಮನೆತನದವಳೆಂದರೆ, ಸುಳ್ಳು ಹೇಳಬೇಕಾದ ಸಂದರ್ಭ ಬಂದರೆ ಅವಳಿಗೆ ಮೈಮೇಲೆ ಗಂದೆ ಏಳುತ್ತಿತ್ತು.

ಪಂದ್ಯದ ದಿನ ಹಾಲ್ವರಿನಲ್ಲಿ ನಾಯಿಯೂ ಮನೆಯಲ್ಲಿರಲಿಲ್ಲ. ಆಟ ನೋಡುವವರ ಕೋಣೆಯ ಗಾಜಿನ ಹಿಂದೆ ಜನ ಒತ್ತಿಕೊಂಡು ನಿಂತು ಬಿಟ್ಟ ಉಸಿರಿಗೆ ಗಾಜೆಲ್ಲ ಮಬ್ಬಾಗಿ, ಎಲ್ಲರೂ ತೋಳಿನಿಂದ ಒರೆಸಿ ಒರೆಸಿ ನೋಡುತ್ತಿದ್ದರು. ಹ್ಯೂನ ಹೆಂಡತಿ ಎಫೀ ಎಲ್ಲರಿಗಿಂತ ಮುಂದೆ. ನಾನು ಹ್ಯೂನ ತಂಡದಲ್ಲಿ ಪೊರಕೆ ಹಿಡಿದವನು. ಕಲ್ಲಿನ ಮುಂದೆ ಮಂಜು ಗುಡಿಸುತ್ತ ಓಡಿ ಅದನ್ನು ದೂರ ಸಾಗಿಸುವುದು ನನ್ನ ಪಾಲಿನ ಕೆಲಸ. ಸುಲಭವಾಗಿ ಗೆಲ್ಲುತ್ತೇವೆ ಎಂದು ಬೆಳಿಗ್ಗೆ ತಿಂಡಿಯನ್ನೂ ಎರಡು ಸಲ ತಿಂದಿದ್ದೆ. ಆದರೆ ಕೊನೆಯ ಸುತ್ತಿಗೆ ಬಂದಾಗ ಎರಡು ಕಡೆಯವರೂ ಸಮ ಸಮ.

ವೃತ್ತದ ನಟ್ಟನಡುವೆ ನಮ್ಮ ಕಲ್ಲು ಕೂತಿತ್ತು. ನಡುವಿಗೆ ಯಾರ ಕಲ್ಲು ಹತ್ತಿರವೋ ಅವರದೇ ಅಂಕ. ಎಸೆಯಲು ಉಳಿದದ್ದು ಪರಾಸ್ಕಾಗೆ ಎರಡು ಕಲ್ಲು, ಆ ಎರಡು ಸರದಿಯ ಮಧ್ಯೆ ಹ್ಯೂಗೆ ಒಂದು. ಪರಾಸ್ಕಾ ಮೊದಲನೆಯದನ್ನು ಬಿಟ್ಟಳು. ಸಿಗ್ನೆ ತಲೆ ಬಗ್ಗಿಸಿ ಗುಡಿಸಿದಳು. ಕಲ್ಲು ವೃತ್ತವನ್ನು ಮುಟ್ಟಲೇ ಇಲ್ಲ. ನಮ್ಮ ಕಲ್ಲಿಗೆ ನೇರ ಎದುರಾಗಿ, ಬಾಗಿಲಿಗೆ ಅಡ್ಡ ಮಲಗಿದ ಎಮ್ಮೆಯ ಹಾಗೆ ನಿಂತುಬಿಟ್ಟಿತು. ಇನ್ನು ಅವಳ ಕೊನೆಯ ಕಲ್ಲಿಗೆ ದಾರಿಯೇ ಇಲ್ಲ. ಗಾಜಿನ ಹಿಂದೆ ಹೆಂಗಸರೆಲ್ಲ "ಅಯ್ಯೋ" ಅಂದರು. ನಾನು ಮನಸ್ಸಿನಲ್ಲೇ ಮೂರನೆಯ ತಿಂಡಿಗೆ ಕೂತೆ.

ಆಗ ಸಿಗ್ನೆ ಕೈ ಎತ್ತಿದಳು.

"ನನ್ನ ಪೊರಕೆ ಕಲ್ಲಿಗೆ ತಾಗ್ತು."

ಯಾರೂ ನೋಡಿರಲಿಲ್ಲ. ಆದರೆ ಈ ಆಟಕ್ಕೆ ತೀರ್ಪುಗಾರನಿಲ್ಲ, ತಾಗಿಸಿದವರೇ ಹೇಳಬೇಕು. ಹೇಳಿದ ಮೇಲೆ ಆ ಕಲ್ಲನ್ನು ಇಡುವುದೋ ತೆಗೆಯುವುದೋ ಎದುರಾಳಿ ನಾಯಕನ ಮರ್ಜಿ. ಹಾಲ್ವರಿನಲ್ಲಂತೂ ಡಬ್ಬಿಯ ಕಾಲದಿಂದಲೂ ಯಾವ ನಾಯಕನೂ ತಾಗಿದ ಕಲ್ಲನ್ನು ಇಟ್ಟದ್ದಿಲ್ಲ. ಸೀನು ಬಂದರೆ ಕೈ ಮೂಗಿಗೆ ಹೋಗುವಂತೆ, "ತಾಗ್ತು" ಅಂದರೆ ಕಾಲು ಕಲ್ಲಿಗೆ ಹೋಗುತ್ತಿತ್ತು. ಹ್ಯೂನ ಕಾಲೂ ಹೋಯಿತು. ಒಂದೇ ಒದೆತಕ್ಕೆ ಕಲ್ಲು ಪಕ್ಕದ ಹಲಗೆಗೆ ಸೇರಿತು.

ಒದ್ದ ಕಾಲು ಇನ್ನೂ ನೆಲಕ್ಕೆ ಇಳಿದಿರಲಿಲ್ಲ, ಅವನಿಗೆ ಅರ್ಥವಾಯಿತು. ನಮಗೂ ಆಯಿತು. ಪರಾಸ್ಕಾಳ ಕೈಯಿಂದ ನಮ್ಮ ಕಲ್ಲಿನವರೆಗೆ ರಾಜಮಾರ್ಗ ತೆರೆದುಕೊಂಡಿತ್ತು.

ಎಫೀ ಗಾಜಿನ ಪಕ್ಕದ ಬಾಗಿಲನ್ನೇ ತೆರೆದು ತಲೆ ಹಾಕಿದಳು. "ರೀ! ಕಳ್ಳರು ಬರೋಕ್ಮುಂಚೆ ನೀವೇ ಹೋಗಿ ಬೀಗ ತೆಗೆದ್ರಲ್ರೀ!"

"ಸುಮ್ನಿರೇ!" ಎಂದ ಹ್ಯೂ, ಪರಾಸ್ಕಾಳ ಕಡೆ ತಿರುಗಿ ತೊದಲಿದ. "ಅದು... ಬೇಕಾದ್ರೆ ಅಲ್ಲೇ ವಾಪಸ್ ಇಟ್ಬಿಡೋಣ ಬಿಡಿ."

"ಒದ್ದಿದ್ದು ಯಾರ ಕಾಲಪ್ಪ? ನಮ್ಮ ಬೀಗರದ್ದಾ?"

ಇಡೀ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹ್ಯೂಗೆ ಉಳಿದಿದ್ದ ದಾರಿ ಒಂದೇ: ಎಮ್ಮೆ ಮಲಗಿದ್ದ ಜಾಗದಲ್ಲೇ ತನ್ನ ಕಲ್ಲನ್ನು ತಂದು ನಿಲ್ಲಿಸುವುದು. ಬೇರೆ ದಿನವಾಗಿದ್ದರೆ ಕಣ್ಣು ಮುಚ್ಚಿಕೊಂಡು ನಿಲ್ಲಿಸುತ್ತಿದ್ದ. ಆದರೆ ಹೆಂಡತಿಯ ನಗು ಬೆನ್ನಿಗೆ ಚುಚ್ಚುತ್ತಿರುವಾಗ ಯಾವ ಗಂಡಸಿನ ಕೈ ನೆಟ್ಟಗಿರುತ್ತದೆ? ಬೇಕಾದ್ದಕ್ಕಿಂತ ಜೋರಾಗಿ ನೂಕಿದ. ನಾನು ಗುಡಿಸಲಿಲ್ಲ, ಪ್ರಾರ್ಥಿಸಿದೆ. ಕಲ್ಲು ನಿಲ್ಲಬೇಕಾದಲ್ಲಿ ನಿಲ್ಲದೆ, ವೃತ್ತವನ್ನೆಲ್ಲ ದಾಟಿ, ಹಿಂದಿನ ಗೋಡೆಗೆ ಹಣೆ ಚಚ್ಚಿಕೊಂಡಿತು.

ಪರಾಸ್ಕಾ ಬಗ್ಗಿದಳು. ಆಗ ಅವಳು ನಗುತ್ತಿರಲಿಲ್ಲ. ಕಲ್ಲನ್ನು ಬಿಟ್ಟಳು. ಗುರಿ ಸರಿಯಾಗಿತ್ತು, ವೇಗ ಸಾಲದು. ಅರ್ಧ ದಾರಿಗೆ ಕಲ್ಲು ಸುಸ್ತಾಗತೊಡಗಿತು.

"ಗುಡಿಸ್ರೇ! ಗುಡಿಸ್ರೇ ನನ್ನವ್ವಾ, ಗುಡಿಸ್ರೇ!"

ಆ ಕೂಗಿಗೆ ತೊಲೆಗಳ ಮೇಲಿನ ಹಿಮವೆಲ್ಲ ಉದುರಿ ಒಳಗೇ ಸಣ್ಣ ಹಿಮಪಾತವಾಯಿತು. ಸ್ಟೇಷನ್ನಿನಿಂದ ಹೊರಡುತ್ತಿದ್ದ ಗೂಡ್ಸ್ ರೈಲು, ಯಾರೋ ಹಳಿಗೆ ಬಿದ್ದರೆಂದು ಬ್ರೇಕ್ ಹಾಕಿತು. ಸಿಗ್ನೆಯೂ ನಾದಿನಿಯೂ ಗುಡಿಸಿದ ರಭಸಕ್ಕೆ ಪೊರಕೆಯಿಂದ ಹೊಗೆ ಎದ್ದಿತೆಂದು ಕೆಲವರು ಹೇಳುತ್ತಾರೆ. ನಾನು ಕಂಡದ್ದು ಹಬೆ ಮಾತ್ರ. ಕಲ್ಲು ತೆವಳಿತು, ಇನ್ನಷ್ಟು ತೆವಳಿತು, ನಮ್ಮ ಕಲ್ಲಿನ ಕೆನ್ನೆಗೆ ಟಕ್ಕೆಂದು ತಾಗಿತು. ನಮ್ಮದು ಮೆಲ್ಲಗೆ ಜಾರಿ ಹೊರಗೆ. ಅವಳದು ನಟ್ಟನಡುವೆ.

ಆಮೇಲಿನ ಗದ್ದಲವನ್ನು ಬರೆಯಲು ಹೋಗುವುದಿಲ್ಲ, ಕಾಗದ ಹರಿದುಹೋದೀತು. ಹ್ಯೂ ಟೋಪಿ ತೆಗೆದು, ರಿಂಕಿನ ಅಷ್ಟುದ್ದಕ್ಕೂ ನಡೆದು ಬಂದು ಕೈ ನೀಡಿದ. ಮೊದಲು ಪರಾಸ್ಕಾಗಲ್ಲ, ಸಿಗ್ನೆಗೆ.

"ನೀನು ಸುಮ್ನಿದ್ದಿದ್ರೆ ನಾನು ಗೆಲ್ತಿದ್ದೆ ಕಣಮ್ಮ."

"ಸುಮ್ನಿರೋಕೆ ಬರಲ್ಲ, ಸಾರ್" ಅಂದಳು ಸಿಗ್ನೆ.

"ನಮ್ಮ ತಂಡದಲ್ಲಿ ಯಾರಿಗೂ ಬರಲ್ಲ" ಅಂದಳು ಪರಾಸ್ಕಾ.

ಮುಂದಿನ ಮಂಗಳವಾರ ಸಂಜೆ ನಾನು ನಮ್ಮ ಕೊಟ್ಟಿಗೆಯಲ್ಲಿ ಕೂತಿದ್ದೆ. ಹಸು ಮೂರು ಸಲ ತಿರುಗಿ ನನ್ನ ಮುಖ ನೋಡಿ, ಅಪರಿಚಿತರಿಗೆ ಕೊಡುವಷ್ಟು ಹಾಲು ಕೊಟ್ಟಿತು. ಹ್ಯೂ ಮಾಡಿದ ಆಲೂಗಡ್ಡೆಯ ವಾಸನೆಗೆ ಆ ರಸ್ತೆಯ ನಾಯಿಗಳು ಊರು ಬಿಟ್ಟವು. ಬಕೆಟ್ ಹಿಡಿದು ಹೊರಗೆ ಬಂದಾಗ ನೋಡಿದೆ: ಬಯಲಿನ ಎಲ್ಲಾ ದಿಕ್ಕಿನಿಂದಲೂ ಜಾರುಬಂಡಿಗಳು ಲಾಂದ್ರ ಕಟ್ಟಿಕೊಂಡು ಊರಿನ ಕಡೆ ಬರುತ್ತಿದ್ದವು. ವರ್ಷಗಟ್ಟಲೆ ಕೋಳಿಯೂಟದಲ್ಲಿ ಬಡಿಸುವ ಕೈಯಾಗಿ ಮಾತ್ರ ಕಂಡಿದ್ದ ಹೆಂಗಸರೆಲ್ಲ ಇಳಿದು, ಸ್ಕರ್ಟಿನ ಕೆಳಗೆ ಗಂಡಂದಿರ ಪ್ಯಾಂಟು ತೊಟ್ಟು, ಹೆಗಲ ಮೇಲೆ ಪೊರಕೆ ಹೊತ್ತು, ರಿಂಕಿನ ಬಾಗಿಲಲ್ಲಿ ನೂಕಾಡಿಕೊಂಡು ಒಳಗೆ ಹೋಗುತ್ತಿದ್ದರು.

ಈಗ ಹಾಲ್ವರಿಗೆ ರೈಲಿಲ್ಲ. ಗೋಪುರ ಕೆಡವಿದರು, ಶಾಲೆ ಮುಚ್ಚಿದರು, ಹೊಸ ನಕ್ಷೆಯಲ್ಲಿ ನಮ್ಮ ಹೆಸರಿನ ಜಾಗದಲ್ಲಿ ಕಾಗದದ ಒಂದು ಮಡಿಕೆ ಇದೆ. ಆದರೆ ಇಂದಿಗೂ ಚಳಿಗಾಲದ ಮಂಗಳವಾರ ಊರಿಗೆ ಬಂದರೆ ನಿಮಗೆ ಬಿಸಿ ಊಟ ಕೊಡಲು ಒಬ್ಬ ಹೆಂಗಸೂ ಮನೆಯಲ್ಲಿ ಸಿಗುವುದಿಲ್ಲ. ಎಲ್ಲರೂ ಪರಾಸ್ಕಾಳ ಮಂಜಿನ ಮೇಲಿರುತ್ತಾರೆ.