ಬಂಡೆಯ ನೆರಳಿಗೆ ಹಾಸಿದ ಕೌದಿ

ಕಡಲು ನೋಡಬೇಕು ಎಂದು ನಮ್ಮ ಮನೆಯಲ್ಲಿ ಮೊದಲು ಹೇಳಿದವರು ನನ್ನ ಅತ್ತೆ. ಮಗಳು ಹೇಳಿದ್ದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಾನು ಹೇಳಿದ್ದರೆ, ಸಾಲೆಗೆ ಸೂಟಿ ಬಿಟ್ಟ ಸೊಕ್ಕು ಎನ್ನುತ್ತಿದ್ದರು. ಅತ್ತೆ ಹೇಳಿದ್ದರಿಂದ ಏಪ್ರಿಲ್ ಕೊನೆಗೆ ಕ್ರೂಸರ್ ಗಾಡಿ ಬಂದು ಬಾಗಿಲಿಗೆ ನಿಂತಿತು.

"ನಮ್ಮ ಡ್ಯಾಮಿನ ನೀರು ಕಡೀಕ ಎಲ್ಲಿ ಹೋಗಿ ಬೀಳತೈತಿ, ಒಮ್ಮೆ ಕಣ್ಣಿಲೆ ನೋಡಬೇಕು," ಎಂದಿದ್ದರು.

ನಮ್ಮೂರು ಸವದತ್ತಿಯ ಹತ್ತಿರ, ಮಲಪ್ರಭೆಯ ಹಿನ್ನೀರಿನ ದಂಡೆಗಿದೆ. ಊರ ಸಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಸುಮ್ಮನಿರಲಾಗಲಿಲ್ಲ. ಮಲಪ್ರಭೆ ಹೋಗುವುದು ಮೂಡಣಕ್ಕೆ, ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿ ಸೇರುತ್ತದೆ, ನಾವು ಹೊರಟ ಕಡಲಿಗೂ ನಮ್ಮ ನೀರಿಗೂ ಸಂಬಂಧವಿಲ್ಲ ಎಂದೆ.

"ಅಕ್ಕೋರ, ನೀರಿಗೆ ನಿಮ್ಮ ನಕಾಶಿ ಓದಾಕ ಬರೂದಿಲ್ಲ," ಎಂದರು ಅತ್ತೆ.

ಸಾಲೆ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಮನೆಯಲ್ಲಿ ನನಗೆ ಆ ಮರ್ಯಾದೆ ಸಿಗುವುದು ಚೇಷ್ಟೆ ಮಾಡುವಾಗ ಮಾತ್ರ. ಮೈದುನ ನಕ್ಕ, ಗಂಡನೂ ನಕ್ಕರು. ನನ್ನ ತವರು ನೇಸರಗಿ, ಹೊಳೆಯಿಂದ ದೂರದ ಊರು. "ನೇಸರಗಿಯವರಿಗೆ ನೀರಂದ್ರ ನಳದ ನೀರು" ಎಂಬ ಮಾತು ಮದುವೆಯಾದ ವರ್ಷದಿಂದ ಕೇಳುತ್ತ ಬಂದದ್ದು. ಇನ್ನು ನೀರಿನ ವಿಷಯದಲ್ಲಿ ಬಾಯಿ ಬಿಡಬಾರದು ಎಂದು ಅಂದೇ ತೀರ್ಮಾನಿಸಿದೆ. ಸಣ್ಣ ತೀರ್ಮಾನ, ಆದರೆ ಅದನ್ನು ನಾನು ಚೆನ್ನಾಗಿ ಪಾಲಿಸಿದೆ.

ಅತ್ತೆಗೆ ನೀರಿನ ಬಗ್ಗೆ ಇದ್ದ ಗತ್ತು ಸುಳ್ಳಿನದಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮೇಲೆ ಬರುವ ಎರೆ ನೆಲದಲ್ಲಿ ಮೊದಲ ಮಳೆಗೆ ಹೆಸರು ಬಿತ್ತುತ್ತೇವೆ. ಮಳೆಗಾಲ ಜೋರಾಗಿ ನೀರು ಮತ್ತೆ ಏರುವ ಮೊದಲು ಕಾಯಿ ಬಿಡಿಸಿಕೊಳ್ಳಬೇಕು. ಎಲ್ಲಿಯವರೆಗೆ ಬಿತ್ತಬೇಕು ಎಂಬುದೇ ಪ್ರಶ್ನೆ. ಹೆಚ್ಚು ಕೆಳಗಿಳಿದರೆ ಬೆಳೆ ಮುಳುಗುತ್ತದೆ, ಹೆದರಿ ಮೇಲೆ ನಿಂತರೆ ಒಳ್ಳೆಯ ನೆಲ ಬೀಳುಬೀಳುತ್ತದೆ. ಮಾವ ತೀರಿಕೊಂಡ ಮೇಲೆ ಆ ಗಡಿಯ ಗೂಟಗಳನ್ನು ಊರುತ್ತಿದ್ದವರು ಅತ್ತೆ. ಹಿಮ್ಮಡಿಯಿಂದ ಮಣ್ಣು ಒತ್ತಿ ನೋಡಿ, ನೀರು ಬಿಟ್ಟು ಎಷ್ಟು ದಿನವಾಯಿತು ಎಂದು ಹೇಳುತ್ತಿದ್ದರು. ಅಕ್ಕಪಕ್ಕದವರು ಅವರ ಗೂಟ ನೋಡಿಕೊಂಡು ತಮ್ಮದನ್ನು ಊರುತ್ತಿದ್ದರು.

ಎರಡು ವರ್ಷದಿಂದ ಮೈದುನನ ತಕರಾರು ಶುರುವಾಗಿತ್ತು. ಅಣೆಕಟ್ಟಿನ ನೀರಿನ ಮಟ್ಟ ದಿನಾ ಮೊಬೈಲಿಗೆ ಬರುತ್ತದೆ, ಹಿಮ್ಮಡಿಯ ಲೆಕ್ಕ ಸಾಕು, ಗೂಟ ತಾನು ಊರುತ್ತೇನೆ ಎನ್ನುತ್ತಿದ್ದ. "ನನ್ನ ಲೆಕ್ಕಾ ಒಮ್ಮೆ ತಪ್ಪಲಿ, ಅವತ್ತ ಕೊಡತೇನಿ," ಎನ್ನುತ್ತಿದ್ದರು ಅತ್ತೆ. ಅವರ ಪಾಲಿಗೆ ಆ ಗೂಟಗಳೆಂದರೆ ಮನೆಯ ಬೀಗದ ಕೈ ಇದ್ದಂತೆ. ಅದು ನಮಗೆಲ್ಲರಿಗೂ ಗೊತ್ತಿತ್ತು.

ಕೋಳಿ ಕೂಗುವ ಹೊತ್ತಿಗೆ ಹೊರಟೆವು. ಗಾಡಿ ಮೈದುನನೇ ಹೊಡೆದ. ಧಾರವಾಡ ದಾಟಿ, ಯಲ್ಲಾಪುರದಲ್ಲಿ ಚಹಾ ಕುಡಿದು, ಅರಬೈಲ್ ಘಟ್ಟ ಇಳಿಯುವಾಗ ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಅತ್ತೆ ಕಿಟಕಿಯ ಹೊರಗೆ ನೋಡಿ, ಇಷ್ಟು ಗಿಡ ಇದ್ದರೆ ಹೊಲ ಎಲ್ಲಿ ಮಾಡುತ್ತಾರೆ ಎಂದು ಕೇಳಿದರು.

ಹತ್ತು ಗಂಟೆಗೆ ಕಡಲ ದಂಡೆಯ ಊರು ತಲುಪಿದೆವು. ಹೆಸರು ಬೇಡ, ಆ ದಂಡೆಯ ಊರುಗಳೆಲ್ಲ ಸೂಟಿಯಲ್ಲಿ ಒಂದೇ ತರಹ ಕಾಣುತ್ತವೆ. ಒಂದು ಕಡೆ ಕಡಲಿಗೆ ಚಾಚಿಕೊಂಡ ಗುಡ್ಡ, ಅದರ ಮೇಲೆ ದೀಪದ ಗೋಪುರ. ಇನ್ನೊಂದು ಕಡೆ ನದಿ ಬಂದು ಕೂಡುವ ಅಳಿವೆ. ನಡುವೆ ಬಿಲ್ಲಿನ ಹಾಗೆ ಬಾಗಿದ ಮರಳು, ಅದರ ಹಿಂದೆ ಗಾಳಿಮರದ ತೋಪು. ಮರಳಿನ ಮೇಲೆ ಒಂಟೆ, ಕುದುರೆ, ಎಳನೀರು, ಉಪ್ಪು ಖಾರ ಸವರಿದ ಮಾವಿನಕಾಯಿ. ದೋಣಿಗೆ ಕಟ್ಟಿದ ಛತ್ರಿಯಲ್ಲಿ ಜನ ಆಕಾಶಕ್ಕೇರಿ ಕಿರುಚುತ್ತಿದ್ದರು. ಅದು ಸಂತೋಷದ ಕಿರುಚಾಟ ಎಂದು ಮಗಳು ಅತ್ತೆಗೆ ತಿಳಿಸಿ ಹೇಳಬೇಕಾಯಿತು.

ಕಡಲನ್ನು ಮೊದಲ ಸಲ ನೋಡಿದ ಅತ್ತೆ ಸೀದಾ ನೀರಿಗಿಳಿದರು. ಬಾಗಿ ಒಂದು ಬೊಗಸೆ ನೀರೆತ್ತಿ ನಾಲಿಗೆಗೆ ಹಚ್ಚಿಕೊಂಡು ಉಗುಳಿದರು. ಆಮೇಲೆ ಚೀಲದಿಂದ ಕುಪ್ಪಸದ ಕಣ, ಅರಿಷಿಣ ಕುಂಕುಮ, ಅಡಿಕೆ, ಕಾಯಿ ತೆಗೆದು ಗಂಗೆಗೆ ಉಡಿ ತುಂಬಿದರು. ನಮ್ಮ ಕಡೆ ಹೊಸ ನೀರು ಕಂಡರೆ ಹಾಗೆ ಮಾಡುವುದು ಪದ್ಧತಿ. ನಮ್ಮ ಹೊಳೆ ಉಡಿಯನ್ನು ಒಯ್ಯುತ್ತದೆ. ಕಡಲು ಕಾಯಿಯನ್ನು ತಿರುಗಿ ತಂದು ಅವರ ಕಾಲಿಗೇ ಹಾಕಿತು. ಮತ್ತೆ ಬಿಟ್ಟರು, ಮತ್ತೆ ತಂದಿತು.

"ಇದಕ್ಕ ಹೊಟ್ಟಿ ತುಂಬೇತಿ," ಎಂದರು.

ಊಟದ ಜಾಗವನ್ನೂ ಅವರೇ ಆರಿಸಿದರು. ತೋಪಿನಲ್ಲಿ ಜನ, ಪ್ಲಾಸ್ಟಿಕ್ ತಟ್ಟೆ, ನಾಯಿ. ಕೆಳಗೆ ನೀರಿನ ಕಡೆ ಆನೆಯಷ್ಟು ದೊಡ್ಡ ಕರೀ ಬಂಡೆಯೊಂದಿತ್ತು, ಅದರ ಬುಡದಲ್ಲಿ ತಂಪಾದ ನೆರಳು. ನೀರು ಅಲ್ಲಿಂದ ಐವತ್ತು ಹೆಜ್ಜೆ ಆಚೆ ಸಣ್ಣಗೆ ಸದ್ದು ಮಾಡುತ್ತ ಬಿದ್ದಿತ್ತು. ಅತ್ತೆ ಮರಳನ್ನು ಹಿಮ್ಮಡಿಯಿಂದ ಒತ್ತಿದರು.

"ನೀರು ಇಳಿದೈತಿ. ಇಲ್ಲೇ ಹಾಸ್ರಿ."

"ಮತ್ತ ಬಂತಂದ್ರ?" ಎಂದರು ನನ್ನ ಗಂಡ.

"ಇಳಿದ ನೀರು ಮಳಿಗಾಲ ತನಕ ಹೊಳ್ಳಿ ಬರೂದಿಲ್ಲೊ. ಇಷ್ಟ ವರ್ಷ ದಂಡಿ ಮ್ಯಾಲ ಬಾಳೇವು ಮಾಡಿ ಅಷ್ಟೂ ತಿಳಿಲಿಲ್ಲೇನು?"

ಕೌದಿ ಹಾಸಿದೆವು. ಅದು ಅವರೇ ಹೊಲಿದದ್ದು. ಮಾವನ ಧೋತರ, ತಮ್ಮ ಹಳೆಯ ಇಳಕಲ್ ಸೀರೆ, ಮಗಳ ತೊಟ್ಟಿಲ ಬಟ್ಟೆ ಎಲ್ಲ ಅದರಲ್ಲಿದ್ದವು. ಅದರ ಮೇಲೆ ಬುತ್ತಿಯ ಗಂಟು ಇಟ್ಟೆವು: ಎರಡು ದಿನಕ್ಕಾಗುವಷ್ಟು ಕಟಕ ರೊಟ್ಟಿ, ಶೇಂಗಾ ಚಟ್ನಿ, ಸಿಹಿಗೆ ಮಾದಲಿ. ಒಂದು ಹಿತ್ತಾಳೆ ತಂಬಿಗೆ. ಅತ್ತೆ ತಮ್ಮ ಚಪ್ಪಲಿಯನ್ನೂ ಅಲ್ಲೇ ಬಿಟ್ಟರು. ದೋಣಿಯಲ್ಲಿ ಹೋಗಿ ಬಂದು ಉಣ್ಣುವುದೆಂದು ಮಾತಾಯಿತು.

ಆಗ ನಾನು ಬಂಡೆಯನ್ನು ನೋಡಿದೆ. ನನ್ನ ಹೆಗಲಿನ ಎತ್ತರದವರೆಗೆ ಅದು ಒದ್ದೆಯಾಗಿತ್ತು, ಹಸಿರು ಪಾಚಿ ಹಿಡಿದಿತ್ತು, ಸಣ್ಣ ಚಿಪ್ಪುಗಳು ಅಂಟಿಕೊಂಡಿದ್ದವು. ಮೇಲಿನ ಭಾಗ ಒಣಗಿತ್ತು. ಉಬ್ಬರ ಇಳಿತದ ಪಾಠವನ್ನು ನಾನು ಪ್ರತಿ ವರ್ಷ ಕಲಿಸುತ್ತೇನೆ. ಹಲಗೆಯ ಮೇಲೆ ಚಂದ್ರ ಬರೆದು, ಭೂಮಿ ಬರೆದು, ನೀರು ಉಬ್ಬಿದ್ದನ್ನು ನೀಲಿ ಸುಣ್ಣದ ಕಡ್ಡಿಯಿಂದ ತೋರಿಸುತ್ತೇನೆ. ಇಳಿದ ನೀರು ಆರು ತಾಸಿಗೆ ತಿರುಗಿ ಬರುತ್ತದೆ ಎಂದು ಮಕ್ಕಳಿಂದ ಹೇಳಿಸುತ್ತೇನೆ.

ಮರೆತಿದ್ದೆ ಎಂದು ಬರೆಯಬಹುದು, ಯಾರು ಕೇಳುತ್ತಾರೆ? ಮರೆತಿರಲಿಲ್ಲ. ನನ್ನ ಚಪ್ಪಲಿಯನ್ನು ಮಾತ್ರ ಕಾಲಲ್ಲೇ ಇಟ್ಟುಕೊಂಡು ದೋಣಿ ಹತ್ತಿದೆ.

ದೋಣಿಯ ಪ್ರಯಾಣ ಚೆನ್ನಾಗಿತ್ತು. ಅಳಿವೆಯಲ್ಲಿ ನದಿಯ ಮಣ್ಣು ಬಣ್ಣದ ನೀರೂ ಕಡಲ ಹಸಿರು ನೀರೂ ಒಂದು ಗೆರೆ ಹಾಕಿಕೊಂಡು ಬೇರೆ ನಿಂತಿದ್ದವು. ಗುಡ್ಡದ ಆಚೆ ಡಾಲ್ಫಿನ್‌ಗಳು ಬೆನ್ನು ತೋರಿಸಿ ಮುಳುಗಿದವು. ಅವಕ್ಕೆ ನಮ್ಮನ್ನು ನೋಡುವ ಕುತೂಹಲವಿರಲಿಲ್ಲ. ಮಗಳು ಹನ್ನೊಂದು ಎಂದು ಎಣಿಸಿದಳು, ಅತ್ತೆ ಎರಡೇ ತಿರುಗಿ ತಿರುಗಿ ಬರುತ್ತಿವೆ ಎಂದರು. ಒಂದು ಸಣ್ಣ ನಡುಗಡ್ಡೆಯಲ್ಲಿ ಇಳಿಸಿದರು. ಅಲ್ಲಿ ಚಿಪ್ಪು ಆರಿಸಿದೆವು, ಮೊಣಕಾಲುದ್ದದ ತಿಳಿನೀರಿನಲ್ಲಿ ಕಾಲು ಬಿಟ್ಟು ಕೂತೆವು. ನಾಲ್ಕು ತಾಸು ಹೋದದ್ದು ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿದಿತ್ತು, ನಾನು ಗಡಿಯಾರ ನೋಡುತ್ತಿದ್ದೆ.

ತಿರುಗಿ ಬಂದಾಗ ಬಂಡೆ ಅರ್ಧ ನೀರಿನಲ್ಲಿತ್ತು. ರೊಟ್ಟಿಗಳು ಒಂದೊಂದೇ ಬಿಡಿಬಿಡಿಯಾಗಿ ಅಲೆಯ ಮೇಲೆ ತೇಲುತ್ತಿದ್ದವು. ತಂಬಿಗೆ ಹೋಗಿತ್ತು, ಅತ್ತೆಯ ಚಪ್ಪಲಿ ಹೋಗಿದ್ದವು. ಕೌದಿ ಮಾತ್ರ ಬಂಡೆಯ ಸಂದಿಗೆ ಸಿಕ್ಕಿಕೊಂಡಿತ್ತು. ಮೈದುನ ಎದೆಮಟ್ಟ ನೀರಿಗಿಳಿದು ಎಳೆದು ತಂದ. ಮರಳು ತುಂಬಿ ಅದು ಎಷ್ಟು ಭಾರವಾಗಿತ್ತೆಂದರೆ ಇಬ್ಬರು ಹಿಡಿದು ಹಿಂಡಬೇಕಾಯಿತು.

ಎಳನೀರು ಮಾರುವ ಹೆಂಗಸು ನೋಡುತ್ತಿದ್ದಳು. "ಭರತದ ಹೊತ್ತಲ್ರಾ, ಅಲ್ಲಿ ಯಾರಾದ್ರೂ ಸಾಮಾನು ಇಡ್ತ್ರಾ?" ಎಂದಳು. ಉಬ್ಬರಕ್ಕೆ ಅವರ ಕಡೆ ಭರತ ಎನ್ನುತ್ತಾರೆ. ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಅದೇ ಹೆಚ್ಚು ನಾಟಿತು.

"ಯವ್ವಾ, ಲೆಕ್ಕಾ ತಪ್ಪಿತಲ್ಲ," ಎಂದ ಮೈದುನ. ನಗುತ್ತಲೇ ಅಂದ. ಅತ್ತೆ ಬರಿಗಾಲಲ್ಲಿ ಕಾದ ಮರಳಿನ ಮೇಲೆ ನಿಂತಿದ್ದರು. ಕಾಲು ಸುಡುತ್ತಿದ್ದರೂ ಎತ್ತಿಡಲಿಲ್ಲ. ಅವರ ಮುಖ ನೋಡಿದಾಗ ನನಗೆ ಬೇಕಾಗಿದ್ದ ಖುಷಿ ಒಂದು ಕ್ಷಣ ಬಂತು, ಆಮೇಲೆ ಹೋಯಿತು. ಹೋದ ಮೇಲೆ ಉಳಿದದ್ದು ನಾಚಿಕೆ.

ಮರುದಿನ ಗಂಡ, ಮಗಳು, ಮೈದುನ ದೀಪದ ಗೋಪುರಕ್ಕೆ ಹೋದರು. ಅಲ್ಲಿಂದ ಊರೆಲ್ಲ ತಟ್ಟೆಯಲ್ಲಿ ಬಡಿಸಿದ ಹಾಗೆ ಕಾಣುತ್ತದೆ ಎಂದು ಬಂದು ಹೇಳಿದರು. ಅತ್ತೆ ಬರಲಿಲ್ಲ, ಅವರ ಜೊತೆ ನಾನು ಉಳಿದೆ. ಅವರು ತೋಪಿನ ಅಂಚಿಗೆ ಕೂತು, ನೀರು ಮುಟ್ಟಿದ ಜಾಗಕ್ಕೆ ಕಡ್ಡಿ ಚುಚ್ಚುತ್ತ, ಕಿತ್ತು ಮತ್ತೆ ಚುಚ್ಚುತ್ತ ಇಡೀ ದಿನ ಕಳೆದರು. ಸಂಜೆ ಜನರೆಲ್ಲ ಹೊತ್ತು ಮುಳುಗುವುದನ್ನು ನೋಡಲು ಒಂದೇ ಕಡೆ ಮುಖ ಮಾಡಿ ಫೋನು ಎತ್ತಿ ನಿಂತಿದ್ದಾಗ, ಅತ್ತೆ ಅತ್ತ ನೋಡದೆ ಹೇಳಿದರು:

"ನಿನ್ನಿ ಆ ಕಲ್ಲಿಗೆ ಬಂದಷ್ಟ ನೀರು ಇವತ್ತ ಮುಕ್ಕಾಲು ತಾಸು ತಡಾ ಮಾಡಿ ಏರಿತು. ಯಾಕಂತ ತಿಳಿವಲ್ದು."

ಯಾಕೆಂದು ನನಗೆ ಗೊತ್ತಿತ್ತು. ಒಂದೇ ದಿನ ಕೂತು ಕಡ್ಡಿ ಚುಚ್ಚಿ ಅವರು ಕಂಡುಕೊಂಡದ್ದನ್ನು ನನ್ನ ಮಕ್ಕಳು ಬಾಯಿಪಾಠ ಮಾಡಿಯೂ ಮರೆಯುತ್ತಾರೆ. ಈಗ ಹೇಳಿದರೆ ನಿನ್ನೆಯದೂ ಹೇಳಬೇಕಾಗುತ್ತಿತ್ತು. ಮುಳುಗುವ ಸೂರ್ಯ ಚೆನ್ನಾಗಿದ್ದಾನೆ ಎಂದೆ.

"ನೀರು ತಿಳಿದೇನಿ ಅನ್ಕೊಂಡಿದ್ದೆ," ಎಂದರು ಅವರು. "ಇಲ್ಲ."

ಊರಿಗೆ ಬಂದ ಮೇಲೆ ಗೂಟಗಳನ್ನು ಅಟ್ಟದಿಂದ ಇಳಿಸಿ ಮೈದುನನ ಕೈಗೆ ಕೊಟ್ಟರು. ಅವನಿಗೇ ಗಾಬರಿಯಾಯಿತು. ಗೆದ್ದವನ ಹಾಗೆ ಕಾಣಲಿಲ್ಲ. ಕೌದಿಯನ್ನು ನಾನು ಮೂರು ಸಲ ಒಗೆದೆ, ಮರಳು ಹೋಯಿತು, ಉಪ್ಪು ಹೋಗಲಿಲ್ಲ. ಮೋಡ ಕಟ್ಟಿದ ದಿನ ಅದು ತಾನಾಗಿ ತೇವ ಹಿಡಿಯುತ್ತಿತ್ತು. ಅತ್ತೆ ದಂಡೆಯ ಕಡೆ ಹೋಗುವುದನ್ನೇ ಬಿಟ್ಟರು. ನೆರೆಯವರು ಬಂದು ಗೂಟದ ಬಗ್ಗೆ ಕೇಳಿದರೆ, "ನನ್ನ ಕೇಳಬ್ಯಾಡ್ರಿ, ಹುಡುಗನ್ನ ಕೇಳ್ರಿ," ಎನ್ನುತ್ತಿದ್ದರು.

ಜೂನಿನಲ್ಲಿ ಸಾಲೆ ಶುರುವಾಯಿತು. ಮಗಳು ನನ್ನ ತರಗತಿಗೇ ಬಂದಿದ್ದಳು. ಹೊಸ ಪುಸ್ತಕದ ಹುರುಪಿನಲ್ಲಿ ಒಂದು ಸಂಜೆ ಪಡಸಾಲೆಯಲ್ಲಿ ಕೂತು ಮುಂದಿನ ಪಾಠಗಳನ್ನೆಲ್ಲ ದೊಡ್ಡ ದನಿಯಲ್ಲಿ ಓದುತ್ತಿದ್ದಳು. ಅತ್ತೆ ಮೊರದಲ್ಲಿ ಬಿತ್ತುವ ಹೆಸರು ಹಸನು ಮಾಡುತ್ತಿದ್ದರು. ಸಮುದ್ರದ ನೀರು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ ಎಂಬಲ್ಲಿಗೆ ಮೊರ ನಿಂತಿತು.

"ಇದನ್ನ ಯಾರು ಕಲಸ್ತಾರ?"

"ಅವ್ವನ ಕಲಸ್ತಾಳ, ಆಯಿ. ದರ ವರ್ಷ."

ಅತ್ತೆ ನನ್ನ ಕಡೆ ತಿರುಗಿದರು. "ನಾ ಕೌದಿ ಹಾಸುಮುಂದ ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿದ್ದೆ. ಅವರು ಒಂದು ಕಲ್ಲು ಹರಳನ್ನು ಆರಿಸಿ ಅಂಗಳಕ್ಕೆ ಒಗೆದರು. ನಾನೇ ಮಾತು ಮುಂದುವರಿಸಿದೆ. "ಅದು ಚಂದ್ರ ಎಳೆಯೂ ನೀರ್ರಿ, ಅತ್ತಿ. ನಮ್ಮ ಹಿನ್ನೀರಿಗೆ ಅದರ ಕಾಟಿಲ್ಲ. ನಿಮ್ಮ ಲೆಕ್ಕಾ ಇಲ್ಲಿಗೆ ಖರೇನ ಐತಿ. ಗೂಟಾ ನೀವ ಊರ್ರಿ."

"ಇದನ್ನ ಅಲ್ಲೇ ಹೇಳಿದ್ರ ರೊಟ್ಟಿ ಉಳೀತಿದ್ದುವು," ಎಂದರು. ಇನ್ನೊಂದು ಹರಳು ಒಗೆದು, "ನಾ ತಿಳೀದ ತಪ್ಪಿದೆ. ನೀ ತಿಳಿದು ಸುಮ್ಮನ ಕುಂತಿ," ಎಂದರು. ಮತ್ತೆ ಮೊರ ಆಡತೊಡಗಿತು.

ಮರುದಿನ ಬೆಳಿಗ್ಗೆ ಮೈದುನನಿಂದ ಗೂಟ ಇಸಿದುಕೊಂಡು ನನ್ನನ್ನೂ ಕರೆದುಕೊಂಡು ದಂಡೆಗೆ ಹೋದರು. ಅವನು ಮೊಬೈಲು ಹಿಡಿದು ಹಿಂದೆ ಬಂದ. ಅತ್ತೆ ಎರೆ ಮಣ್ಣನ್ನು ಹಿಮ್ಮಡಿಯಿಂದ ಒತ್ತಿ, ನಾಲ್ಕು ಹೆಜ್ಜೆ ಕೆಳಗಿಳಿದು, ಒಂದು ಹೆಜ್ಜೆ ಮೇಲೆ ಬಂದು ಗೂಟ ನಿಲ್ಲಿಸಿದರು. ಬಡಿಯಲು ಕಲ್ಲು ಎತ್ತಿದವರು ಹಾಗೇ ತಡೆದು ನನ್ನ ಕಡೆ ನೋಡಿದರು.

"ಅಕ್ಕೋರ, ನಿಮಗೇನರ ಗೊತ್ತೈತೇನ್ರಿ?"

ಈ ಸಲ ಚೇಷ್ಟೆ ಇರಲಿಲ್ಲ. ನನಗೆ ಗೊತ್ತಿಲ್ಲ ಎಂದೆ. ಬಡಿದರು. ಆ ವರ್ಷ ನೀರು ಗೂಟ ಮುಟ್ಟುವ ಮೊದಲೇ ನಾವು ಹೆಸರು ಬಿಡಿಸಿಕೊಂಡಿದ್ದೆವು.

ಅಂದಿನಿಂದ ಪ್ರತಿ ಜೂನಿಗೂ ಹೀಗೆಯೇ. ಮೈದುನ ನಗುತ್ತಾನೆ, ಅವನಿಗೆ ಅದು ಅತ್ತೆ ಸೊಸೆಯ ತಮಾಷೆ. ಅತ್ತೆ ಎಂಬತ್ತರ ಹತ್ತಿರ ಬಂದಿದ್ದಾರೆ, ಕಲ್ಲನ್ನು ಎರಡೂ ಕೈಯಿಂದ ಎತ್ತುತ್ತಾರೆ. ಆದರೂ ನನ್ನ ಮುಖ ನೋಡುತ್ತ ಅದೇ ಪ್ರಶ್ನೆ ಕೇಳುತ್ತಾರೆ. ನಾನು ಬಾಯಿ ಬಿಟ್ಟು ಇಲ್ಲ ಎನ್ನುವವರೆಗೆ ಗೂಟದ ಮೇಲೆ ಕಲ್ಲು ಬೀಳುವುದಿಲ್ಲ.