ಜುವೇನಾ ಕಟ್ಟಿದ ಗಾಳಿಮಾಪಕ

ಕಡಲತೀರದ ಊರು ಮಟೆಮ್ವೆಯ ಜುವೇನಾ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವಳು, ಮೂಸುವಳು, ಆಮೇಲೂ ಮಾರುವವನ ಮುಖ ನೋಡುವಳು. ಗಂಡ ವುವಾಯಿ ಸತ್ತ ಮೇಲೆ ಅನುಮಾನಪಡುವುದೊಂದೇ ಅವಳಿಗೆ ಉಳಿದ ಕೆಲಸವಾಯಿತು.

ವುವಾಯಿ ಪ್ರವಾಸಿಗಳನ್ನು ಸಮುದ್ರದಡಿಗೆ ಕರೆದೊಯ್ಯುತ್ತಿದ್ದ. ಅವನ ಬೆನ್ನಿನ ಸಿಲಿಂಡರಿಗೆ ಗಾಳಿ ತುಂಬುತ್ತಿದ್ದವನು ಒಡಹುಟ್ಟಿದ ತಮ್ಮ ಉಸ್ಸಿ. ಮಾಮೂಲಿ ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಆಮ್ಲಜನಕ. ಮುಳುಗುವವರಿಗೆ ಅದನ್ನು ಮೂವತ್ತೆರಡಕ್ಕೆ ಏರಿಸಿ ಕೊಡುತ್ತಾರೆ, ಕೆಳಗೆ ಹೆಚ್ಚು ಹೊತ್ತು ಇರಬಹುದೆಂದು. ಅದನ್ನೂ ಮೀರಿದರೆ ಆಳದಲ್ಲಿ ಅದೇ ವಿಷ. ವುವಾಯಿಗೆ ನೀರಿನಡಿಯಲ್ಲೇ ಸೆಳವು ಬಂತು, ಬಾಯಿಂದ ಉಸಿರಿನ ನಳಿಗೆ ಜಾರಿತು. ಮೇಲೆ ತರುವಷ್ಟರಲ್ಲಿ ಗಾಳಿಯೆಲ್ಲ ಸೋರಿ ಸಿಲಿಂಡರ್ ಖಾಲಿಯಾಗಿತ್ತು. ಅಳೆದು ನೋಡೋಣವೆಂದರೆ ಒಳಗೆ ಏನೂ ಇರಲಿಲ್ಲ.

“ಅಳೆದೇ ಕೊಟ್ಟಿದ್ದೆ, ಮೂವತ್ತೆರಡೇ ಇತ್ತು,” ಎಂದ ಉಸ್ಸಿ. ಅದಾದ ಕೆಲವೇ ದಿನಕ್ಕೆ, ತಾನು ಗಾಳಿ ತುಂಬುವ ಅಂಗಡಿಯ ಅಳತೆಯಂತ್ರ ಕೆಟ್ಟುಹೋಯಿತು ಎಂದ. ಜುವೇನಾ ಈ ಎರಡು ಮಾತನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಅವಳಿಗೆ ಎರಡೂ ಹಿಡಿಸಲಿಲ್ಲ.

ಈಗ ವುವಾಯಿಯ ಜಾಗಕ್ಕೆ ಅಂಗಡಿಯವರು ಅವಳ ತಮ್ಮ ಖೇರಿಯನ್ನು ಕರೆದಿದ್ದರು. ಹೊಸ ಯಂತ್ರ ಬರುವವರೆಗೆ ಉಸ್ಸಿ ಅಂದಾಜಿನಲ್ಲೇ ತುಂಬುತ್ತಾನಂತೆ.

“ಅವನ ಅಂದಾಜಿಗೆ ನನ್ನ ಗಂಡನ್ನ ಕೊಟ್ಟಿದೀನಿ. ನಿನ್ನ ಕೊಡಲ್ಲ,” ಎಂದಳು ಜುವೇನಾ.

“ಹಂಗಂದ್ರೆ ಏನ್ ಮಾಡ್ಲಿ ಅಕ್ಕ? ತೆಂಗಿನಕಾಯಿ ಎಣಿಸ್ಕೊಂಡು ಕೂರ್ಲಾ?”

“ಅಳೆಯೋದನ್ನ ನಾನೇ ಮಾಡ್ತೀನಿ. ಸಾಮಾನು ತಂದ್ಕೊಡು.”

ಆಮ್ಲಜನಕ ತಾಗಿದರೆ ತುಸು ವಿದ್ಯುತ್ತು ಹುಟ್ಟಿಸುವ ಗುಂಡಗಿನ ಬಿಲ್ಲೆಯೊಂದನ್ನು ಖೇರಿ ದೊಡ್ಡ ಪಟ್ಟಣ ದಾರ್‌ನಿಂದ ತರಿಸಿದ. ಅಂಕಿ ತೋರಿಸುವ ಪುಟ್ಟ ಡಬ್ಬಿ, ತಿರುಗಿಸುವ ಗುಬುಟು, ಬಿಲ್ಲೆ ಕೂರಿಸಲು ನೀರಿನ ಪೈಪಿನ ಒಂದು ತುಂಡು, ತೆಳು ನಳಿಗೆ ಬಂದವು. ಬಿಲ್ಲೆಯ ಮೊಹರು ಒಡೆದಿಲ್ಲವೆಂದು ಅವಳು ಉಗುರಿನಿಂದ ಕೆರೆದು ನೋಡಿದ ಮೇಲೇ ಒಳಗೆ ತೆಗೆದುಕೊಂಡಳು.

ಆದರೆ ಜೋಡಿಸುವ ಬಗೆ ಊರಲ್ಲಿ ಗೊತ್ತಿದ್ದವನು ಉಸ್ಸಿ ಒಬ್ಬನೇ. ಇವಳೋ ವಿಧವೆಯರ ಇದ್ದತ್ತಿನ ದಿನಗಳಲ್ಲಿದ್ದಳು. ಗಂಡ ಸತ್ತವಳು ಹೊಸ್ತಿಲು ದಾಟುವಂತಿಲ್ಲ, ಮೈದುನನ ಎದುರಿಗೂ ಬರುವಂತಿಲ್ಲ. ಅತ್ತೆ ಬಿ ಮೀಜೆ ಬಾಗಿಲಲ್ಲೇ ಕಾವಲಿದ್ದಳು. ಯಂತ್ರವನ್ನು ಉಸ್ಸಿಯ ಕೈಗೆ ಕೊಡಲು ಜುವೇನಾ ಒಪ್ಪಲಿಲ್ಲ. ಕೊನೆಗೆ ಅವನು ಜಗಲಿಯಲ್ಲಿ, ಇವಳು ಕೋಣೆಯಲ್ಲಿ, ನಡುವೆ ಪರದೆ. ಅವನು ಹೇಳುವುದು, ಇವಳು ಮಾಡುವುದು.

“ಅತ್ತಿಗೆ, ಕೆಂಪು ತಂತೀನ ಕೆಂಪಿಗೇ ಸುತ್ತು.”

“ಯಾಕೆ ಅಂತ ಹೇಳು, ಆಮೇಲೆ ಸುತ್ತೋಣ.”

“ಇಲ್ದಿದ್ರೆ ಅಂಕಿ ತಲೆಕೆಳಗಾಗುತ್ತೆ.”

ಅವಳು ಬೇಕೆಂದೇ ಅದಲುಬದಲು ಸುತ್ತಿದಳು. ಅಂಕಿಯ ಎಡಕ್ಕೆ ಕಳೆಯುವ ಗುರುತಿನ ಅಡ್ಡಗೆರೆ ಬಂತು. ಬಿಚ್ಚಿ ಸರಿಯಾಗಿ ಸುತ್ತಿದಳು. ಟೋಪಿಗೆ ಕಸೂತಿ ಹಾಕಿ ಪಳಗಿದ ಬೆರಳು, ತಂತಿ ಬಿಗಿಯಾಗಿ ಕೂತಿತು.

“ಗಂಡ ಹೋದೋಳು ಕುರಾನ್ ಹಿಡ್ಕೊಂಡು ಕೂರ್ತಾಳೆ,” ಎಂದಳು ಬಿ ಮೀಜೆ. “ನಮ್ಮೋಳು ರೇಡಿಯೋ ರಿಪೇರಿಗೆ ಕೂತಿದಾಳೆ.”

“ನಿಮ್ಮ ಮಗನಿಗೋಸ್ಕರಾನೇ ಕೂತಿರೋದು ಅತ್ತೆ.”

“ಅವನೂ ನನ್ನ ಮಗನೇ ಕಣೇ, ಆಚೆ ಕೂತಿರೋನು.”

ಜುವೇನಾ ಇನ್ನೊಂದು ತಂತಿ ಎತ್ತಿಕೊಂಡಳು.

ಹೊರಗೆ ಮಳೆಗಾಲದ ಮಳೆ ಹೊಡೆಯುತ್ತಿತ್ತು. ಕಿಟಕಿ ಹಾಕಿತ್ತು. ಅಂಗಳದ ಅಡುಗೆಮನೆಗೂ ಹೋಗುವಂತಿಲ್ಲದ್ದರಿಂದ ಇದ್ದಿಲ ಒಲೆ ಕೋಣೆಯೊಳಗೇ ಉರಿಯುತ್ತಿತ್ತು, ಅದರ ಮೇಲೆ ಮರಗೆಣಸು ಬೇಯುತ್ತಿತ್ತು. ಅವಳಿಗೆ ತಲೆ ಸಿಡಿಯುತ್ತಿತ್ತು. ಅತ್ತು ಅತ್ತು ಬಂದದ್ದೆಂದುಕೊಂಡಳು.

“ಈಗ ಬಿಲ್ಲೆಗೆ ಬರೀ ಗಾಳಿ ಆಡ್ಲಿ,” ಎಂದ ಉಸ್ಸಿ. “ಅಂಕಿ ಇಪ್ಪತ್ತೊಂದಕ್ಕೆ ಬರೋ ಹಂಗೆ ಗುಬುಟು ತಿರುಗ್ಸು. ಆಮೇಲೆ ಅದನ್ನ ಮುಟ್ಬೇಡ.”

ತಿರುಗಿಸಿದಳು. ಇಪ್ಪತ್ತೊಂದು ಬಂತು, ನಿಂತಿತು. ಉಸ್ಸಿ ತುಂಬಿದ್ದ ಸಿಲಿಂಡರನ್ನು ಖೇರಿ ಹೊತ್ತು ತಂದ. ಮೂವತ್ತೆರಡು ಎಂದು ಪಟ್ಟಿ ಅಂಟಿಸಿತ್ತು. ಗಾಳಿಯನ್ನು ತುಟಿಯಲ್ಲಿ ಊದಿದಷ್ಟು ಮೆಲ್ಲಗೆ ನಳಿಗೆಗೆ ಬಿಟ್ಟ. ಅಂಕಿ ಏರಿತು. ಮೂವತ್ತು. ಮೂವತ್ತೆರಡು. ನಿಲ್ಲಲಿಲ್ಲ. ಮೂವತ್ತನಾಲ್ಕೂವರೆಯಲ್ಲಿ ನಿಂತಿತು.

“ನೋಡಿದ್ಯಾ ಖೇರಿ? ಕೊಂದೋನು ಇವನೇ!” ಅವಳ ದನಿ ಬೀದಿಗೆ ಕೇಳಿಸುವಂತಿತ್ತು. “ಅಣ್ಣ ಆಯ್ತು, ಈಗ ನಿನಗೆ ತುಂಬಿ ತಂದಿದಾನೆ.”

ಪರದೆಯಾಚೆಯಿಂದ ಉಸ್ಸಿ ಕೇಳಿದ, “ಅತ್ತಿಗೆ, ಒಳಗೆ ಒಲೆ ಉರೀತಿದೆಯಾ?”

“ಮಾತು ತಿರುಗಿಸ್ಬೇಡ.”

“ಕಿಟಕಿ ತೆಗೆದಿದೆಯಾ ಹೇಳು. ಬೆಂಕಿ ಒಳಗಿನ ಗಾಳೀಲಿರೋ ಆಮ್ಲಜನಕಾನ ತಿಂದುಹಾಕುತ್ತೆ. ಬಡಕಲು ಗಾಳೀನೇ ಇಪ್ಪತ್ತೊಂದು ಅಂತ ಇಟ್ರೆ, ಮಿಕ್ಕಿದ್ದೆಲ್ಲ ಜಾಸ್ತೀನೇ ತೋರ್ಸುತ್ತೆ. ಗುಬುಟು ಮತ್ತೆ ಸರಿಮಾಡು.”

“ಹೂಂ, ನಿನಗೆ ಬೇಕಾದಷ್ಟು ತೋರಿಸೋವರೆಗೂ ತಿರುಗಿಸ್ತಾ ಇರ್ತೀನಿ!”

“ಅಕ್ಕ, ದೋಣಿ ಹೊರಡುತ್ತೆ,” ಎಂದ ಖೇರಿ. “ಹೋಗ್ಲಾ, ಬೇಡ್ವಾ? ಒಂದು ಹೇಳು.”

ಅವಳು ಉಸ್ಸಿಯ ಮಾತು ಕೇಳಲಿಲ್ಲ. ಗುಬುಟನ್ನು ಮುಟ್ಟದೆ, ಸಿಲಿಂಡರಿನ ನಳಿಗೆ ಕಿತ್ತು, ಕಿಟಕಿ ತೆರೆದು ಯಂತ್ರವನ್ನು ಹೊರಗೆ ಚಾಚಿ ಹಿಡಿದಳು. ಮಳೆ ಬಿಟ್ಟಿತ್ತು. ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಅಂಕಿ ಇಳಿಯಿತು, ಇಪ್ಪತ್ತೊಂದಕ್ಕೆ ಇಳಿಯದೆ ಇಪ್ಪತ್ತೆರಡೂವರೆಯಲ್ಲೇ ನಿಂತಿತು. ಮತ್ತೆಷ್ಟೋ ಹೊತ್ತು ಹಿಡಿದಳು. ಅಷ್ಟೇ. ಸಮುದ್ರದ ಗಾಳಿಯನ್ನು ಉಸ್ಸಿ ತುಂಬಿರಲಿಲ್ಲ. ತಪ್ಪಿದ್ದದ್ದು ಅವಳು ಕೋಣೆಯೊಳಗೆ ಇಟ್ಟ ಇಪ್ಪತ್ತೊಂದರಲ್ಲೇ.

ಕಿಟಕಿಯಲ್ಲೇ ನಿಂತು ಗುಬುಟನ್ನು ಇಪ್ಪತ್ತೊಂದಕ್ಕೆ ತಂದಳು. ಸಿಲಿಂಡರನ್ನು ಕಿಟಕಿಯ ಬುಡಕ್ಕೆ ಎಳೆಸಿದಳು. ಈ ಸಲ ಮೂವತ್ತೆರಡು. ಸರಿಯಾಗಿತ್ತು.

ಖೇರಿ ನಗತೊಡಗಿದ. ಅವಳು ನಗಲಿಲ್ಲ. ಅವಳ ತಲೆಯಲ್ಲಿ ಬೇರೊಂದು ಪ್ರಶ್ನೆ ಎದ್ದಿತ್ತು.

“ಉಸ್ಸಿ.”

“ಏನ್ ಅತ್ತಿಗೆ?”

“ನಿಮ್ಮಣ್ಣ ಹೋದ ದಿನಾನೂ ಮಳೆ ಇತ್ತು. ಅಂಗಡೀ ಯಂತ್ರಾನ ಎಲ್ಲಿಟ್ಟು ಇಪ್ಪತ್ತೊಂದಕ್ಕೆ ತಂದೆ?”

“ಎಲ್ಲಿ ಅಂದ್ರೆ... ಗಾಳಿ ತುಂಬೋ ಕೋಣೇಲಿ. ಬಾಗ್ಲು ಹಾಕ್ಕೊಂಡು.”

“ಆ ಕೋಣೇಲಿ ಇನ್ನೇನಿರುತ್ತೆ?”

“ದೊಡ್ಡ ಆಮ್ಲಜನಕದ ಬಾಟ್ಲಿ. ಅದರ ಕುತ್ತಿಗೇಲಿ ಸ್ವಲ್ಪ ಸೋರ್ತಾ...”

ಬಿಡಿಸಿ ಹೇಳುವುದು ಬೇಕಿರಲಿಲ್ಲ. ಬಡಕಲು ಗಾಳಿಯಲ್ಲಿ ಇಟ್ಟರೆ ಹೆಚ್ಚು ತೋರಿಸುತ್ತದೆ. ಆಮ್ಲಜನಕ ಸೋರಿ ಕೊಬ್ಬಿದ ಗಾಳಿಯಲ್ಲಿ ಇಟ್ಟರೆ ಕಡಿಮೆ ತೋರಿಸುತ್ತದೆ. ಅವನು ಮೂವತ್ತೆರಡು ಎಂದು ಕಂಡದ್ದು ಮೂವತ್ತೆರಡಾಗಿರಲಿಲ್ಲ, ಅದಕ್ಕೂ ಹೆಚ್ಚಿತ್ತು. ಅವನು ಸುಳ್ಳು ಹೇಳಿರಲಿಲ್ಲ. ವುವಾಯಿ ಆ ಗಾಳಿಯನ್ನೇ ಬೆನ್ನಿಗೆ ಕಟ್ಟಿಕೊಂಡು ಇಳಿದಿದ್ದ.

ಜಗಲಿಯಿಂದ ಒಂದು ಸದ್ದು ಬಂತು. ಗಂಡಸು ಬಾಯಿಗೆ ಬಟ್ಟೆ ಒತ್ತಿಕೊಂಡಾಗ ಬರುವ ಸದ್ದು. ಬಿ ಮೀಜೆ ಎದ್ದು ಆಚೆ ಹೋದಳು. ಜುವೇನಾ ಹೋಗಲಿಲ್ಲ. ಹೋಗುವಂತೆಯೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಕೊಂದವನು ಬೇಕೆಂದು ಕೊಂದಿದ್ದರೆ ಬೈದು ಬದುಕಬಹುದಿತ್ತು. ಈಗ ಅದೂ ಕೈತಪ್ಪಿತು.

“ಇದನ್ನ ತಗೊಂಡ್ಹೋಗು,” ಎಂದಳು ಖೇರಿಗೆ. “ಮೂವತ್ತೆರಡು ಇದೆ. ನಾನೇ ನೋಡಿದೀನಿ.”

ಖೇರಿ ಸಿಲಿಂಡರ್ ಹೊತ್ತು ಹೋದ. ಅವಳು ಪರದೆಯ ಕಡೆ ತಿರುಗಿ, ದನಿ ಏರಿಸದೆ, ಇಳಿಸದೆ ಹೇಳಿದಳು:

“ಅತ್ತಿದ್ದು ಸಾಕು. ದೋಣಿಗೆ ಹೋಗೋ ಮಿಕ್ಕ ಸಿಲಿಂಡರನ್ನೆಲ್ಲ ಕಿಟಕಿ ಹತ್ರ ತಾ. ನಿನ್ನ ನಂಬಲ್ಲ ನಾನು. ನನ್ನನ್ನೂ ನಂಬಲ್ಲ. ಒಂದೊಂದನ್ನೂ ಎರಡು ಸಲ ನೋಡ್ತೀನಿ.”